ಮಳೆಗಾಲಕ್ಕೆ ಬಿಲ್ಲು ಎತ್ತಿಡುವ ಮುನ್ನ

ಕಾರವಾರದಲ್ಲಿ ಮಳೆ ಹಿಡಿಯಿತೆಂದರೆ ಕಪಾಟಿನೊಳಗಿನ ಬೆಲ್ಟಿಗೂ ಬೂಸ್ಟು ಬರುತ್ತದೆ. ರಿಕರ್ವ್ ಬಿಲ್ಲು (ತುದಿಗಳು ಗುರಿಯ ಕಡೆಗೆ ಬಾಗಿರುವ ಬಿಲ್ಲು) ಇರುವವರು ಈ ನಾಲ್ಕು ತಿಂಗಳು ಹೆಚ್ಚು ನಿಗಾ ಇಡಬೇಕು.

ಮೊದಲು ಹೆದೆ ಇಳಿಸಿ, ಅದೂ ಸ್ಟ್ರಿಂಗರ್ (ಬಿಲ್ಲಿನ ಎರಡೂ ತುದಿಗೆ ಸಿಕ್ಕಿಸಿ ಬಗ್ಗಿಸುವ ಹಗ್ಗ) ಹಾಕಿಯೇ. ಕಾಲು ತೂರಿಸಿ ಬಗ್ಗಿಸಿದರೆ ಒತ್ತಡ ಒಂದೇ ಬದಿಗೆ ಬಿದ್ದು ಲಿಂಬ್, ಅಂದರೆ ಬಿಲ್ಲಿನ ಬಾಗುವ ತೋಳು, ತಿರುಚಿಕೊಳ್ಳುತ್ತದೆ. ಆಮೇಲೆ ಹೆದೆ ಅದರ ನಟ್ಟನಡುವೆ ಕೂರುವುದಿಲ್ಲ. ಯಕ್ಷಗಾನದ ಸೀತಾ ಸ್ವಯಂವರದಲ್ಲಿ ಹೆದೆಯೇರಿಸುವ ಗತ್ತನ್ನು ಕಣ್ತುಂಬ ನೋಡುತ್ತೇವೆ. ಇಳಿಸುವ ಕೈಗೂ ಅಷ್ಟೇ ನಯ ಬೇಕು ಅನಿಸುತ್ತದೆ.

ಇಲ್ಲಿ ದೊಡ್ಡ ಕಾಟ ಉಪ್ಪುಗಾಳಿಯದು. ಲಿಂಬ್ ಬೋಲ್ಟಿನ ಎಳೆಗಳಲ್ಲಿ, ಕಣ್ಣಿಗೆ ಬೀಳದ ಕಡೆಯೇ ತುಕ್ಕು ಶುರುವಾಗುವುದು. ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ, ಬೋಲ್ಟಿನ ಎಳೆಗೆ ಒಂದೇ ಒಂದು ಹನಿ ಎಣ್ಣೆ ಬಿಡಿ. ಲಿಂಬಿನ ಅಂಚಿಗುಂಟ ಉಗುರು ಎಳೆದು ನೋಡಿ. ಕೂದಲೆಳೆಯಷ್ಟು ಬಿರುಕು ತಾಗಿದರೂ ಆ ಬಿಲ್ಲು ಎಳೆಯಬೇಡಿ, ಪದರಗಳ ಅಂಟು ಬಿಟ್ಟಿರಬಹುದು.

ಹೆದೆಯ ನೂಲು ನವಿರೆದ್ದಿದ್ದರೆ ಮೇಣ ಸವರಿ, ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಒಳಗಿಳಿಸಿ. ನಡುವೆ ಬಾಣ ಸಿಕ್ಕಿಸುವ ಕಡೆ ಹೆದೆಗೆ ಸುತ್ತಿರುವ ನೂಲಿಗೆ ಮೇಣ ಬೇಡ. ಎತ್ತಿಡುವಾಗ ಎರಡೂ ಕುಣಿಕೆ ಸೇರಿಸಿ ಕಟ್ಟಿ. ತಿರುವು ಬಿಚ್ಚಿಕೊಂಡರೆ ಹೆದೆ ಉದ್ದವಾಗಿ ಬ್ರೇಸ್ ಹೈಟ್ (ಹಿಡಿಗೂ ಹೆದೆಗೂ ನಡುವಿನ ಅಂತರ) ಇಳಿಯುತ್ತದೆ. 68 ಇಂಚಿನ ಬಿಲ್ಲಿಗೆ ಅದು ಸಾಮಾನ್ಯವಾಗಿ 8.5ರಿಂದ 9.25 ಇಂಚು ಇರಬೇಕು.

ಬಿಚ್ಚುವ ಬಿಲ್ಲಾದರೆ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಸಾಕು. ಒಂದೇ ತುಂಡಿನ ಬಿಲ್ಲನ್ನು ಎರಡು ಗೂಟಗಳ ಮೇಲೆ ಅಡ್ಡ ಮಲಗಿಸಿ, ಮೂಲೆಗೆ ಒರಗಿಸಬೇಡಿ. ಹೊರಗೋಡೆಗೆ ಮಾತ್ರ ಗೂಟ ಬೇಡ, ಆಷಾಢದಲ್ಲಿ ಅದೇ ಮೊದಲು ತೇವ ಹೀರುವುದು.