ರಜೆಯ ಓದಿಗೆ ಉಳಿದ ಮೂರು ಪುಸ್ತಕಗಳು

ಬೇಸಿಗೆಯ ಓದಿಗೆಂದು ನಿನ್ನೆ ಸಂಜೆ ಕಪಾಟಿನಿಂದ 14 ಪುಸ್ತಕಗಳನ್ನು ಇಳಿಸಿ ನೆಲದ ಮೇಲೆ ಹರಡಿಕೊಂಡು ಕುಳಿತವಳು, ಒಂದೊಂದರಲ್ಲೂ ಮೊದಲ ಐದಾರು ಪುಟ ಓದಿ, ಮುಂದಿನ ಪುಟಕ್ಕೆ ಕೈ ತಾನಾಗಿಯೇ ಹೋದವನ್ನು ಮಾತ್ರ ಉಳಿಸಿಕೊಂಡು ಏಳುವಷ್ಟರಲ್ಲಿ ಕತ್ತಲಾಗಿತ್ತು. ಓದಲೇಬೇಕೆಂದು ಯಾರೋ ಹೇಳಿದ್ದಕ್ಕಾಗಿ ಕೊಂಡಿದ್ದವೆಲ್ಲ ಕಪಾಟಿಗೆ ಮರಳಿದವು. ಖುಷಿಯ ಓದಿನಲ್ಲಿ ಕರ್ತವ್ಯದ ಭಾರ ಸೇರುವುದು ನನಗೆ ಬೇಡವಾಗಿತ್ತು.

ಉಳಿದದ್ದು ಮೂರೇ. ಒಂದು ಕವನ ಸಂಕಲನ, ಎಲ್ಲಿಂದ ತೆರೆದರೂ ಆದೀತು. ಇನ್ನೊಂದು ತೇಜಸ್ವಿಯವರ ‘ಕರ್ವಾಲೊ’. ಹಿಂದೆ ಓದಿದ್ದೇ ಆದರೂ, ಒಂದೆರಡು ದಿನಗಳಲ್ಲಿ ಮುಗಿಯುವ ಆ ಪುಟ್ಟ ಕಾದಂಬರಿಯನ್ನು ಮತ್ತೆ ಓದುವ ಆಸೆಯಿದೆ. ಮೂರನೆಯದು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಹತ್ತಾರು ಪಾತ್ರಗಳ ಬದುಕು ಒಂದರೊಳಗೊಂದು ಹೆಣೆದುಕೊಂಡಿರುವ ಅಂಥ ಬೃಹತ್ ಕಾದಂಬರಿಯನ್ನು ದಿನಕ್ಕೆ ನಾಲ್ಕು ಪುಟದಂತೆ ಓದಿದರೆ ಯಾರು ಯಾರ ಮನೆಯವರೆಂಬುದೇ ಮರೆತುಹೋಗುತ್ತದೆ, ಆದ್ದರಿಂದ ಅದಕ್ಕೆ ರಜೆಯ ಬಿಡುವೇ ಬೇಕು. ಎರಡು ಬಾರಿ ಅರ್ಧಕ್ಕೇ ನಿಲ್ಲಿಸಿದ್ದೆ. ನೂರನೆಯ ಪುಟದ ಆಸುಪಾಸಿನಲ್ಲಿ ನಾನೇ ಗುರುತಿಗಿಟ್ಟ ಬಸ್ ಟಿಕೆಟ್, ಅಕ್ಷರಗಳೆಲ್ಲ ಮಾಸಿ, ಇನ್ನೂ ಅಲ್ಲೇ ಇತ್ತು. ಅದನ್ನು ಇಂದು ತೆಗೆದು, ಮೊದಲ ಪುಟದಿಂದ ಓದಲು ಆರಂಭಿಸಿದ್ದೇನೆ.