ಬಿಲ್ಲಿನಲ್ಲಿ ಕಾಣದ ಕ್ಯಾಪ್ಸೂಲ್

ರಾಯಚೂರಿನ ಒಂದು ಆಸ್ಪತ್ರೆಯ ಎಲುಬು-ಕೀಲು ವಾರ್ಡಿನಲ್ಲಿ ಹನ್ನೊಂದು ವರ್ಷಗಳಿಂದ ನರ್ಸ್ ಆಗಿದ್ದೇನೆ. ಡಿಸ್ಚಾರ್ಜ್ ಆಗುವ ದಿನ ರೋಗಿಯ ಮನೆಯವರನ್ನು ಕೂರಿಸಿಕೊಂಡು, ಯಾವ ಗುಳಿಗೆ ಯಾವಾಗ, ಎಷ್ಟು ದಿನ ಎಂದು ತಿಳಿಸಿ ಕಳುಹಿಸುವುದು ಬಹುಪಾಲು ನನ್ನ ಪಾಲಿನ ಕೆಲಸ. ಒಂದು ಸಲ ಅಲ್ಲಿ ನಾನು ಆಡಿದ ಎರಡು ಪದಗಳಿಂದ ಏನಾಯಿತು ಎಂಬುದನ್ನು ಇದೇ ಕೆಲಸ ಮಾಡುವವರಿಗಾಗಿ ಬರೆಯುತ್ತಿದ್ದೇನೆ.

ಭತ್ತದ ಸುಗ್ಗಿಯ ಕಾಲ. ಸಿಂಧನೂರು ಕಡೆಯಿಂದ ಭತ್ತದ ಚೀಲ ಹೇರಿಕೊಂಡು ಬರುತ್ತಿದ್ದ ಗೂಡ್ಸ್ ವಾಹನ ಮಾನ್ವಿ ದಾಟಿದ ಮೇಲೆ ನಿಂತಿದ್ದ ಟ್ರ್ಯಾಕ್ಟರ್‌ಗೆ ಹಿಂದಿನಿಂದ ಗುದ್ದಿತ್ತು. ಚಾಲಕನಿಗೆ ಇಪ್ಪತ್ತೊಂಬತ್ತು ವರ್ಷ. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಕುಳಿತ ಭಂಗಿಯಲ್ಲಿ ಹಾಗೆ ಬಡಿದಾಗ ಪೆಟ್ಟು ತೊಡೆಯ ಎಲುಬಿನುದ್ದಕ್ಕೂ ಹಿಂದಕ್ಕೆ ಸಾಗಿ, ತುದಿಯಲ್ಲಿರುವ ಗುಂಡು ಸೊಂಟದ ಬಟ್ಟಲಿನಿಂದ ಹೊರಗೆ ಜಿಗಿಯುತ್ತದೆ. ಜಿಗಿಯುವಾಗ ಬಟ್ಟಲಿನ ಹಿಂದಿನ ಅಂಚನ್ನು ಒಡೆದುಕೊಂಡೇ ಹೋಗುತ್ತದೆ. ಅವನಿಗೆ ಆದದ್ದು ಅದೇ. ಅಂದು ರಾತ್ರಿಯೇ ಕೀಲನ್ನು ಕೂರಿಸಿದರು. ಆರನೆಯ ದಿನ ಪೃಷ್ಠದ ಹಿಂಭಾಗದಿಂದ ತೆರೆದು ಪ್ಲೇಟ್ ಹಾಕಿದರು. ಕೋಕರ್-ಲಾಂಗನ್‌ಬೆಕ್ ಎಂದು ಕರೆಯುವ ದಾರಿ ಅದು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು.

ಈ ಶಸ್ತ್ರಚಿಕಿತ್ಸೆಯ ನಂತರ ಕಾಡುವ ಒಂದು ತೊಂದರೆ ಬೇಡದ ಕಡೆ ಎಲುಬು ಬೆಳೆಯುವುದು. ವೈದ್ಯರು ಅದನ್ನು ಹೆಟರೋಟಾಪಿಕ್ ಆಸಿಫಿಕೇಶನ್ ಎನ್ನುತ್ತಾರೆ. ಅಪಘಾತದಲ್ಲಿ, ಮತ್ತೆ ಶಸ್ತ್ರಚಿಕಿತ್ಸೆಯಲ್ಲಿ ಪೆಟ್ಟುಂಡ ಸ್ನಾಯುವಿನೊಳಗೆ ಇನ್ನೂ ಏನಾಗಬೇಕೆಂದು ತೀರ್ಮಾನವಾಗದ ಜೀವಕೋಶಗಳು ಇರುತ್ತವೆ. ಉರಿಯೂತದ ಹೊತ್ತಿನಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಆ ಕೋಶಗಳನ್ನು ಎಲುಬು ಕಟ್ಟುವ ಕೋಶಗಳಾಗಿ ತಿರುಗಿಸುತ್ತವೆ. ಮಾಂಸ ಇರಬೇಕಾದಲ್ಲಿ ಎಲುಬು ಕೂರುತ್ತದೆ. ಹಿಂಭಾಗದಿಂದ ತೆರೆದಾಗ ಅಪಾಯ ಹೆಚ್ಚು, ಮುಂದಿನಿಂದ ತೆರೆದಾಗ ಕಡಿಮೆ. ಪುರುಷರಲ್ಲಿ, ತಲೆಗೆ ಪೆಟ್ಟಾದವರಲ್ಲಿ, ಶಸ್ತ್ರಚಿಕಿತ್ಸೆ ತಡವಾದವರಲ್ಲಿ ಇನ್ನೂ ಹೆಚ್ಚು. ತಡೆಯುವ ಕೆಲಸ ಆಪರೇಷನ್ ಥಿಯೇಟರಿನಲ್ಲೇ ಶುರುವಾಗುತ್ತದೆ. ಗ್ಲೂಟಿಯಸ್ ಮಿನಿಮಸ್ ಎಂಬ ಸ್ನಾಯುವಿನ ಸತ್ತ ಭಾಗವನ್ನು ನಮ್ಮ ಸರ್ಜನ್ ತೆಗೆದುಹಾಕುತ್ತಾರೆ, ಗಾಯವನ್ನು ಚೆನ್ನಾಗಿ ತೊಳೆಯುತ್ತಾರೆ.

ಆಮೇಲೆ ಉಳಿಯುವ ದಾರಿಗಳು ಎರಡು. ಒಂದು, 700ರಿಂದ 800 ಸೆಂಟಿಗ್ರೇ ವಿಕಿರಣವನ್ನು 72 ಗಂಟೆಗಳೊಳಗೆ ಒಂದೇ ಸಲ ಕೊಡುವುದು. ನಮ್ಮಲ್ಲಿ ಆ ಯಂತ್ರ ಇಲ್ಲ, ಚಿಕ್ಕ ವಯಸ್ಸಿನವರಿಗೆ ಅದನ್ನು ಕೊಡಲು ವೈದ್ಯರು ಹಿಂಜರಿಯುವುದೂ ಉಂಟು. ಇನ್ನೊಂದು, ಇಂಡೊಮೆಥಾಸಿನ್. ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ಅದು ತಡೆಯುತ್ತದೆ. ಆ ಹುಡುಗನಿಗೆ 25 ಮಿಲಿಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆ ಮೂರು ಸಲ, ಊಟದ ನಂತರ, ಆರು ವಾರ ಎಂದು ಬರೆದಿದ್ದರು. ವಾರ್ಡಿನಲ್ಲಿದ್ದ ನಾಲ್ಕು ದಿನ ನಾವೇ ನುಂಗಿಸಿದೆವು.

ಡಿಸ್ಚಾರ್ಜ್ ದಿನ ಅವನ ತಾಯಿ ಚೀಟಿ ಹಿಡಿದು ಬಂದರು. ವಾರ್ಡ್ ತುಂಬಿತ್ತು. ನಾನು ಪೆನ್ನಿನಿಂದ ಗುರುತು ಹಾಕುತ್ತಾ ಹೇಳಿದೆ: “ಇದು ಆಂಟಿಬಯೋಟಿಕ್, ಇದು ಹೊಟ್ಟೆಯ ಉರಿಗೆ, ಇವೆರಡೂ ನೋವಿನ ಗುಳಿಗೆ.” ಒಂದು ಪ್ಯಾರಾಸಿಟಮಾಲ್, ಇನ್ನೊಂದು ಇಂಡೊಮೆಥಾಸಿನ್. ಔಷಧಗಳ ಪಟ್ಟಿಯಲ್ಲಿ ಇಂಡೊಮೆಥಾಸಿನ್ ನೋವು ನಿವಾರಕಗಳ ಸಾಲಿನಲ್ಲೇ ಇದೆ, ನಿಜ. ಆದರೆ ಅವನಿಗೆ ಅದನ್ನು ಕೊಟ್ಟದ್ದು ನೋವಿಗಾಗಿ ಅಲ್ಲ.

ಹೊಲಿಗೆಯನ್ನು ಊರಿನ ಹತ್ತಿರವೇ ತೆಗೆಸಿಕೊಂಡರು. ನಾವು ಅವನನ್ನು ಮತ್ತೆ ಕಂಡದ್ದು ಏಳನೆಯ ವಾರದಲ್ಲಿ. ಮಂಚದ ಅಂಚಿನಲ್ಲಿ ನೆಟ್ಟಗೆ ಕೂರಲು ಅವನಿಂದ ಆಗಲಿಲ್ಲ, ಸೊಂಟ ಮಡಚದೆ ಬೆನ್ನು ಹಿಂದಕ್ಕೆ ಬಾಗುತ್ತಿತ್ತು. ಎಕ್ಸ್‌ರೇಯಲ್ಲಿ ಕೀಲಿನ ಪಕ್ಕ ಹಿಂಜಿದ ಹತ್ತಿಯಂತೆ ಬೆಳ್ಳಗೆ ಮೋಡ ಕವಿದಿತ್ತು. ಸರ್ಜನ್ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತರು, ಆಮೇಲೆ “ಕ್ಯಾಪ್ಸೂಲ್ ಸರಿಯಾಗಿ ನುಂಗಿದನೇ ಕೇಳಿ” ಎಂದು ನನಗೆ ಹೇಳಿದರು.

ಔಷಧದ ಕವರ್, ಬಿಲ್ಲು ಎಲ್ಲವನ್ನೂ ತರಲು ಹೇಳಿದೆ. ತಾಯಿ ಒಂದನ್ನೂ ಎಸೆದಿರಲಿಲ್ಲ, ಗಂಟು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲವೂ ಇದ್ದವು. ಬಿಲ್ಲಿನಲ್ಲಿ ಪ್ಯಾರಾಸಿಟಮಾಲ್ ಇತ್ತು. ಇಂಡೊಮೆಥಾಸಿನ್ ಇರಲಿಲ್ಲ. ನಾನು ಕೇಳುವ ಮೊದಲೇ ಅವರು ಹೇಳಿದರು: “ಎರಡೂ ನೋವಿನ ಗುಳಿಗೆ ಎಂದು ನೀವೇ ಹೇಳಿದ್ದಿರಲ್ಲ, ಯವ್ವಾ. ಕೈಯಲ್ಲಿ ದುಡ್ಡು ಕಡಿಮೆ ಇತ್ತು. ಒಂದು ಸಾಕು ಎಂದು ಅಂಗಡಿಯವನಿಗೆ ಹೇಳಿದೆ.”

ಅವರ ಲೆಕ್ಕದಲ್ಲಿ ತಪ್ಪೇನಿತ್ತು? ನಾನು ಕೊಟ್ಟ ಮಾಹಿತಿಯ ಮೇಲೆ ಯಾವ ಜಾಣ ಗೃಹಿಣಿಯಾದರೂ ಅದನ್ನೇ ಮಾಡುತ್ತಿದ್ದಳು. ಒಂದೇ ಕೆಲಸಕ್ಕೆ ಎರಡು ಸಾಮಾನನ್ನು ಯಾರು ಕೊಳ್ಳುತ್ತಾರೆ? ಪ್ಯಾರಾಸಿಟಮಾಲ್ ನೋವನ್ನು ತಗ್ಗಿಸುತ್ತದೆಯೇ ಹೊರತು ಈ ಎಲುಬನ್ನು ತಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಾಗುವಂತೆ ನಾನು ಹೇಳಿರಲಿಲ್ಲ. ಅದರ ಮೇಲೆ, ಕೀಲು ಬಿಗಿಯಾಯಿತೆಂದು ಊರಿನಲ್ಲಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿದ್ದರಂತೆ. ಪೆಟ್ಟುಂಡ ಸ್ನಾಯುವನ್ನು ಹಾಗೆ ಹಿಂಡಿದರೆ ಮತ್ತಷ್ಟು ಗಾಯವಾಗುತ್ತದೆ. ತಿಕ್ಕಿಸಬೇಡಿ ಎಂದೂ ನಾನು ಹೇಳಿರಲಿಲ್ಲ.

ಈ ಎಲುಬಿನ ಬೆಳವಣಿಗೆಯನ್ನು ಅಳೆಯಲು 1973ರಲ್ಲಿ ಬಂದ ಬ್ರೂಕರ್ ವರ್ಗೀಕರಣವನ್ನು ಬಳಸುತ್ತಾರೆ. ಒಂದನೆಯ ದರ್ಜೆಯಲ್ಲಿ ಅಲ್ಲಲ್ಲಿ ಎಲುಬಿನ ಚೂರುಗಳು, ನಾಲ್ಕರಲ್ಲಿ ಕೀಲೇ ಬೆಸೆದುಹೋದಂತೆ. ಇವನದು ಮೂರನೆಯದಕ್ಕೆ ಬಂದು ನಿಂತಿತು, ಅಂದರೆ ಎರಡು ಕಡೆಯಿಂದ ಬೆಳೆದ ಎಲುಬುಗಳ ನಡುವೆ ಒಂದು ಸೆಂಟಿಮೀಟರಿಗಿಂತ ಕಡಿಮೆ ಸಂದು. ನೆಲದ ಮೇಲೆ ಊಟಕ್ಕೆ ಕೂರುವಂತಿಲ್ಲ, ಊರಿನ ಪಾಯಖಾನೆಯಲ್ಲಿ ಕುಕ್ಕರಿಸುವಂತಿಲ್ಲ, ಚಾಲಕನ ಸೀಟಿಗೆ ಏರುವಂತಿಲ್ಲ. ಎಲುಬು ಬಲಿಯುವವರೆಗೆ ಕಾದು, ವರ್ಷ ಕಳೆದ ಮೇಲೆ ದೂರದ ಊರಿನಲ್ಲಿ ಅದನ್ನು ತೆಗೆಸಿಕೊಂಡ. ಸಯಾಟಿಕ್ ನರದ ಪಕ್ಕದಲ್ಲೇ ಕೆತ್ತಬೇಕಾದ, ರಕ್ತ ಬಹಳ ಹೋಗುವ ಶಸ್ತ್ರಚಿಕಿತ್ಸೆ ಅದು. ಈಗ ಕುರ್ಚಿಯಲ್ಲಿ ಕೂರುತ್ತಾನೆ, ಅಕ್ಕಿ ಗಿರಣಿಯೊಂದರಲ್ಲಿ ತೂಕದ ಲೆಕ್ಕ ಬರೆಯುತ್ತಾನೆ. ವಾಹನ ಓಡಿಸುವುದಿಲ್ಲ.

ಕ್ಯಾಪ್ಸೂಲ್ ನುಂಗಿದ್ದರೆ ಎಲುಬು ಬೆಳೆಯುತ್ತಲೇ ಇರಲಿಲ್ಲ ಎಂದು ಪ್ರಮಾಣ ಮಾಡಲಾಗದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಡೊಮೆಥಾಸಿನ್ ಪಡೆದವರಿಗೂ ಔಷಧವಿಲ್ಲದ ಗುಳಿಗೆ ಪಡೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2014ರ ಇನ್ನೊಂದರಲ್ಲಿ ಆರು ವಾರ ಪಡೆದವರಲ್ಲಿ ಬಟ್ಟಲಿನ ಹಿಂದಿನ ಗೋಡೆ ಕೂಡದೆ ಉಳಿಯುವುದು ಹೆಚ್ಚಾಗಿ, ಒಂದು ವಾರದ ಅವಧಿಯೇ ಮೇಲು ಎನಿಸಿತು. ಜೊತೆಗೆ ತೊಡೆ, ಕಾಲಿನ ಉದ್ದ ಎಲುಬುಗಳೂ ಮುರಿದಿದ್ದರೆ ಅವು ಕೂಡುವುದಕ್ಕೂ ಈ ಔಷಧ ಅಡ್ಡಿಯಾಗುತ್ತದೆ. ನಮ್ಮ ಸರ್ಜನ್ ಈಗ ಪ್ರತಿ ರೋಗಿಗೂ ಬೇರೆಬೇರೆಯಾಗಿ ತೀರ್ಮಾನಿಸುತ್ತಾರೆ. ಕೆಲವರಿಗೆ ಬರೆಯುವುದೇ ಇಲ್ಲ. ಎಷ್ಟು ದಿನ ಎಂಬುದು ಅವರ ನಿರ್ಧಾರ. ಅವರು ಬರೆದಷ್ಟು ದಿನ ಅದು ರೋಗಿಯ ಹೊಟ್ಟೆಗೆ ಸೇರುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ, ಆ ಜಾಗದಲ್ಲೇ ನಾನು ಸೋತೆ.

ಈಗ ನಮ್ಮ ವಾರ್ಡಿನಲ್ಲಿ ಅದಕ್ಕೆ ‘ಎಲುಬು ತಡೆಯುವ ಗುಳಿಗೆ’ ಎಂದೇ ಹೆಸರು. ಆ ಸ್ಟ್ರಿಪ್ಪಿಗೆ ಕೆಂಪು ಪಟ್ಟಿ ಅಂಟಿಸುತ್ತೇವೆ. ಔಷಧ ಕೊಂಡು ತಂದು ತೋರಿಸಿದ ಮೇಲೆಯೇ ಡಿಸ್ಚಾರ್ಜ್ ಕಾರ್ಡ್ ಕೈಗೆ ಕೊಡುತ್ತೇನೆ. ದುಡ್ಡು ಸಾಲದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಏನಾದರೂ ದಾರಿ ಹುಡುಕಬಹುದು. ಯಾವ ಗುಳಿಗೆ ಯಾತಕ್ಕೆ ಎಂದು ನಾನು ಹೇಳಿ ಮುಗಿಸಿ, ಅವರ ಬಾಯಿಂದ ತಿರುಗಿ ಹೇಳಿಸುತ್ತೇನೆ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇದೆಯೇ, ರಕ್ತ ಹೆಪ್ಪುಗಟ್ಟದಿರಲು ಇಂಜೆಕ್ಷನ್ ನಡೆಯುತ್ತಿದೆಯೇ ಎಂದು ಮೊದಲೇ ಕೇಳಿ ವೈದ್ಯರಿಗೆ ತಿಳಿಸುತ್ತೇನೆ. ಊರಿನ ಅಂಗಡಿಯಿಂದ ಡೈಕ್ಲೋಫಿನ್ಯಾಕ್‌ನಂಥ ಇನ್ನೊಂದು ಗುಳಿಗೆಯನ್ನು ಇದರ ಜೊತೆ ಸೇರಿಸಬಾರದು, ಮಲ ಡಾಂಬರಿನಂತೆ ಕಪ್ಪಾದರೆ ನಿಲ್ಲಿಸಿ ಕೂಡಲೇ ಬರಬೇಕು, ಸೊಂಟಕ್ಕೆ ಎಣ್ಣೆ ತಿಕ್ಕಿಸಬಾರದು ಎಂಬುದನ್ನು ಕಾರ್ಡಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತೇನೆ.

ಮೂರನೆಯ ದಿನ ಮನೆಗೆ ಫೋನ್ ಮಾಡುತ್ತೇನೆ. “ಈಗ ನೋವೇ ಇಲ್ಲ, ಅಕ್ಕಾ” ಎಂದು ಸಂತೋಷದಿಂದ ಹೇಳುವವರೇ ಹೆಚ್ಚು. ಫೋನ್ ಇಡಬೇಡಿ ಎಂದು ಹೇಳಿ, ಕೆಂಪು ಪಟ್ಟಿಯ ಸ್ಟ್ರಿಪ್ ತರಿಸಿ, ಎಷ್ಟು ಉಳಿದಿವೆ ಎಂದು ಎಣಿಸಲು ಹೇಳುತ್ತೇನೆ.