ಲೈಟ್ ಯಾಕೆ ಆರಿಸಿದ್ರಿ?

ಮಗನ ಮೇಲೆ ನಾನು ಒಂದು ದಿನವೂ ಕೈ ಎತ್ತಿದವನಲ್ಲ. ಅಪ್ಪನ ಬೆಲ್ಟಿನ ಏಟು ತಿಂದು ಬೆಳೆದವನು ನಾನು, ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಜಂಬವೇ ಇತ್ತು. ಯಾರಾದರೂ 'ಎರಡು ಬಿಟ್ಟರೆ ಸರಿಹೋಗ್ತಾನೆ' ಅಂದರೆ ಸ್ವೀಡನ್ ಕಥೆ ತೆಗೆಯುತ್ತಿದ್ದೆ. ಅಪ್ಪ ಅಮ್ಮ ಕೂಡ ಮಕ್ಕಳಿಗೆ ಹೊಡೆಯುವಂತಿಲ್ಲ ಅಂತ 1979ರಲ್ಲೇ ಅಲ್ಲಿ ಕಾನೂನು ಬಂತು, ಜಗತ್ತಿನಲ್ಲೇ ಮೊದಲು, ಗೊತ್ತಾ ಅಂತ.

ಆ ಸಂಜೆ ಅವನ ಬ್ಯಾಗಿನ ತಳದಲ್ಲಿ ಮುದುಡಿದ ಗಣಿತದ ಟೆಸ್ಟ್ ಪೇಪರ್ ಸಿಕ್ಕಿತು. 25ಕ್ಕೆ 6. 'ಪೇಪರ್ ಇನ್ನೂ ಕೊಟ್ಟಿಲ್ಲ' ಅಂತ ಮೂರು ದಿನದಿಂದ ಹೇಳುತ್ತಿದ್ದ. ಅವನಿಗೆ ಏಳು ವರ್ಷ. ಸಿಟ್ಟು ಬಂದದ್ದು ಅಂಕಕ್ಕಲ್ಲ, ಸುಳ್ಳಿಗೆ ಅಂತ ಆಗ ಅಂದುಕೊಂಡೆ. ರಟ್ಟೆ ಹಿಡಿದು ಬಾತ್‌ರೂಮಿಗೆ ಬಿಟ್ಟೆ. 'ಐದು ನಿಮಿಷ ಇಲ್ಲೇ ಇರು, ಮಾಡಿದ್ದು ಸರೀನಾ ಯೋಚನೆ ಮಾಡು' ಅಂದೆ. ಹೊರಗಿನಿಂದ ಚಿಲಕ ಹಾಕಿದೆ. ಸ್ವಿಚ್ಚೂ ಹೊರಗೇ ಇತ್ತು. ಅದನ್ನೂ ಆರಿಸಿದೆ.

ಬಾಗಿಲು ಬಡಿದ, ಅತ್ತ. ಅಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಮಾತಾಡುತ್ತಾ ಬಾಲ್ಕನಿಗೆ ಹೋದೆ. ಅಲ್ಲಿಗೆ ಒಳಗಿನ ಸದ್ದು ಕೇಳಿಸುವುದಿಲ್ಲ. (ನಿಜ ಹೇಳಬೇಕೆಂದರೆ, ಕೇಳಿಸಬಾರದು ಅಂತಲೇ ಹೋದೆ.) ಫೋನ್ ಇಟ್ಟಾಗ ಇಪ್ಪತ್ತು ನಿಮಿಷ ದಾಟಿತ್ತು.

ಬಾಗಿಲು ತೆಗೆದರೆ ಅದಕ್ಕೇ ಅಂಟಿಕೊಂಡು ನಿಂತಿದ್ದವನು ನನ್ನ ಮೇಲೇ ವಾಲಿದ. ಅಳು ನಿಂತಿತ್ತು. ಚಡ್ಡಿ ಒದ್ದೆ. ಕಮೋಡ್ ಇದ್ದದ್ದು ಎರಡು ಹೆಜ್ಜೆ ದೂರದಲ್ಲಿ. ಕತ್ತಲಲ್ಲಿ ಅಷ್ಟು ಹೋಗಲೂ ಅವನಿಗೆ ಧೈರ್ಯ ಬಂದಿರಲಿಲ್ಲ.

'ಅಪ್ಪಾ, ಐದು ನಿಮಿಷ ಅಂದ್ರೆ 300 ತಾನೇ? ಮೂರು ಸಲ ಎಣಿಸಿದೆ. ಆಮೇಲೆ ತಪ್ಪಿಹೋಯ್ತು' ಅಂದ.

ರಾತ್ರಿ ಹೆಂಡತಿಗೆ ಎಲ್ಲಾ ಹೇಳಿದೆ. 'ಹೊಡೆದಿಲ್ಲ ತಾನೇ' ಅಂತ ಕೊನೆಗೆ ಸೇರಿಸಿದೆ. ಅವಳು ಒಂದೇ ಕೇಳಿದಳು. 'ಲೈಟ್ ಯಾಕೆ ಆರಿಸಿದ್ರಿ?'

ಉತ್ತರ ಇರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಆ ಲೆಕ್ಕಗಳನ್ನೇ ಮತ್ತೆ ಮಾಡಿಸಿದ್ದರೆ, ಸುಳ್ಳು ಹೇಳಿದ್ದಕ್ಕೆ ಎರಡು ದಿನ ಟಿವಿ ಇಲ್ಲ ಅಂದಿದ್ದರೆ, ಯಾಕೆ ಅಂತ ಅವನಿಗೆ ಬಿಡಿಸಿ ಹೇಳಬಹುದಿತ್ತು. ಅವನೂ ವಾದ ಮಾಡಬಹುದಿತ್ತು. ಲೈಟ್ ಆರಿಸಿದ್ದಕ್ಕೆ ಏನಂತ ಹೇಳಲಿ? ಅವನು ಹೆದರಬೇಕಿತ್ತು, ಅಷ್ಟೇ. ಹೆದರಿದ್ದು ನೋಡಿ ನನ್ನ ಸಿಟ್ಟು ಇಳಿಯಬೇಕಿತ್ತು.

ನಿದ್ದೆ ಬರದೆ, ನಾನು ಎಲ್ಲರ ಮುಂದೆ ಹೇಳುತ್ತಿದ್ದ ಆ ಸ್ವೀಡನ್ ಕಾನೂನನ್ನು ಮೊದಲ ಸಲ ಪೂರ್ತಿ ಓದಿದೆ. ಅದು ಹೊಡೆತಕ್ಕೇ ನಿಂತಿಲ್ಲ. ಮಗುವನ್ನು ಬೇರೆ ರೀತಿಯಲ್ಲಿ ಅವಮಾನ ಮಾಡುವಂತೆ ನಡೆಸಿಕೊಳ್ಳುವುದೂ ಕೂಡದು ಅಂತ ಅದೇ ಸಾಲಿನಲ್ಲಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2006ರಲ್ಲಿ ಇನ್ನೂ ಬಿಡಿಸಿ ಹೇಳಿದೆ. ಹೀಯಾಳಿಸುವುದು, ಬೆದರಿಸುವುದು, ಹೆದರಿಸುವುದು, ಮೈ ಮುಟ್ಟದಿದ್ದರೂ ಇವೆಲ್ಲ ಕ್ರೂರವೇ ಅಂತ. ನಾನು ಮಾತ್ರ ನನಗೆ ಬೇಕಾದ ಅರ್ಧ ಸಾಲನ್ನು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ.

ಮರುದಿನ ಅವನ ಹತ್ತಿರ ಕ್ಷಮೆ ಕೇಳಿದೆ. 'ಪರವಾಗಿಲ್ಲ' ಅಂದ, ದೊಡ್ಡವರ ಹಾಗೆ. ಚಿಲಕ ಬಿಚ್ಚಿಹಾಕಿದೆ.

ಮುಂದಿನ ತಿಂಗಳ ಟೆಸ್ಟಿನಲ್ಲಿ 25ಕ್ಕೆ 11 ಬಂತು. ಈ ಸಲ ಪೇಪರ್ ಬಚ್ಚಿಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಅವರಮ್ಮನಿಗೆ ತೋರಿಸಿದ. ನಾನು ಹಾಲಿನಲ್ಲೇ ಕೂತಿದ್ದೆ.